ತಪಾಸಣೆಗೆ ಬರುವ ಮುನ್ನ: ಮಾಂಡೋವಿಯಲ್ಲಿ ದೋಣಿಯ ಕಾಗದ, ಹಗ್ಗ, ಲಂಗರು

ಕಾರವಾರ, ಹೊನ್ನಾವರ ಕಡೆಯಿಂದ ಎಂಜಿನ್ ದೋಣಿ ತಂದು ಗೋವಾದ ಹೊಳೆಗಳಾದ ಮಾಂಡೋವಿಯಲ್ಲೋ ಜುವಾರಿಯಲ್ಲೋ ಓಡಿಸುವವರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. 2021ರ ಒಳನಾಡು ನೌಕೆಗಳ ಕಾಯ್ದೆಯಂತೆ ಒಂದು ರಾಜ್ಯದ ನೋಂದಣಿ ದೇಶದೆಲ್ಲೆಡೆ ನಡೆಯುತ್ತದೆ. ಹಾಗೆಂದು ಪಣಜಿಯ ಜೆಟ್ಟಿಗೆ ದೋಣಿ ಕಟ್ಟುವ ಹಕ್ಕು ತಾನಾಗಿ ಬರುವುದಿಲ್ಲ. ಅದಕ್ಕೆ ಗೋವಾದ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯನ್ನೇ ಕೇಳಬೇಕು. ದೋಣಿ ಕಾಯಂ ಇಲ್ಲೇ ಉಳಿಯುವುದಾದರೆ ನೋಂದಣಿಯನ್ನೂ ವರ್ಗಾಯಿಸಿಕೊಳ್ಳಿ.

ನೋಂದಣಿ, ಸರ್ವೇ ಸರ್ಟಿಫಿಕೇಟ್ (ದೋಣಿ ಓಡಲು ಯೋಗ್ಯ ಎಂಬ ಪತ್ರ), ವಿಮೆ, ದೋಣಿ ನಡೆಸುವ ತಾಂಡೇಲರ ಅರ್ಹತಾ ಪತ್ರ: ಈ ನಾಲ್ಕೂ ದೋಣಿಯಲ್ಲೇ ಇರಲಿ. ಅವು ಕಣ್ಣೆದುರಿನ ದೋಣಿಗೆ ತಾಳೆಯಾಗುತ್ತವೆಯೇ ಎಂಬುದೇ ತಪಾಸಣೆಯ ತಿರುಳು. ಕೆಟ್ಟ ಎಂಜಿನ್ ತೆಗೆದು ಬೇರೆ ಕೂರಿಸಿ ಇಲಾಖೆಗೆ ತಿಳಿಸದಿದ್ದರೆ ಎಂಜಿನ್ ನಂಬರ್ ಹೊಂದುವುದಿಲ್ಲ. ಉಪ್ಪುನೀರಿಗೆ ಬಣ್ಣ ಎದ್ದು ದೋಣಿಯ ಮೇಲಿನ ನಂಬರ್ ಅಳಿಸಿಹೋಗುತ್ತದೆ, ವರ್ಷವರ್ಷ ಬರೆಸಿ. ಲೈಫ್ ಜಾಕೆಟ್ ತಲೆಗೊಂದು ಇದ್ದರೆ ಸಾಲದು, ಪ್ರತಿಯೊಂದರ ಬಕಲ್ ಹಾಕಿ ಎಳೆದು ನೋಡಿ. ಮಕ್ಕಳ ಅಳತೆಯವೂ ಬೇಕು.

ಇನ್ನು ಕಟ್ಟುವ ವಿಷಯ. ಹೆಚ್ಚಿನ ಹಾನಿ ಆಗುವುದೇ ಇಲ್ಲಿ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಇಲ್ಲಿ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ. ಉಬ್ಬರದಲ್ಲಿ ಬಿಗಿಯಾಗಿ ಕಟ್ಟಿ ಹೋದರೆ ಇಳಿತದಲ್ಲಿ ದೋಣಿ ಹಗ್ಗಕ್ಕೆ ಜೋತುಬೀಳುತ್ತದೆ: ಕಟ್ಟುಗೂಟ ಕಿತ್ತು ಬರುತ್ತದೆ, ಇಲ್ಲವೇ ದೋಣಿ ವಾಲಿ ನೀರು ನುಗ್ಗುತ್ತದೆ. ಎದುರಿನ ಗೂಟ ಬಿಟ್ಟು ದೂರದ ಗೂಟಕ್ಕೆ ಕಟ್ಟಿ; ಹಗ್ಗ ಉದ್ದವಾದಷ್ಟೂ ಏರಿಳಿತದ ಎಳೆತ ಕಡಿಮೆ. 9 ಮೀಟರ್ ದೋಣಿಗೆ 12 ಮಿ.ಮೀ. ನೈಲಾನ್ ಹಗ್ಗ ಸಾಕು. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ, ನೀರಲ್ಲಿ ತೇಲಿ ಪಕ್ಕದವರ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. ಹಗ್ಗ ಜೆಟ್ಟಿಯ ಅಂಚಿಗೆ ಉಜ್ಜುವಲ್ಲಿ ಹಳೆಯ ರಬ್ಬರ್ ಪೈಪ್ ತೊಡಿಸಿ.

ದೋಣಿಗೆ ದೋಣಿ ಸಾಲಾಗಿ ಕಟ್ಟಿದಾಗ ಹೊರಗಿನ ದೋಣಿಯಿಂದಲೂ ದಡಕ್ಕೆ ಹಗ್ಗ ಹೋಗಲೇಬೇಕು. ಇಲ್ಲದಿದ್ದರೆ ಇಡೀ ಸಾಲಿನ ಭಾರ ಒಳಗಿನ ಒಂದೇ ದೋಣಿಯ ಮೇಲೆ. ಅದರ ಹಗ್ಗ ಹರಿದರೆ ಎಲ್ಲವೂ ಒಟ್ಟಿಗೆ ಹೊಳೆಯ ಪಾಲು.

ನಡುಹೊಳೆಯಲ್ಲಿ ಲಂಗರು ಹಾಕುವಾಗ ಉಬ್ಬರದ ಆಳ ಲೆಕ್ಕಹಾಕಿ. ಇಳಿತದಲ್ಲಿ 4 ಮೀಟರ್, ಏರುವ 2 ಮೀಟರ್, ನೀರಿನಿಂದ ದೋಣಿಯ ಮೂತಿಯ ಎತ್ತರ 1, ಒಟ್ಟು 7. ಅದರ 5 ಪಟ್ಟು, ಅಂದರೆ 35 ಮೀಟರ್ ಹಗ್ಗ ಬಿಡಿ. ಲಂಗರಿನ ತುದಿಗೆ ಸ್ವಲ್ಪ ಸರಪಳಿ ಇರಲಿ. ಸೆಳೆತ ತಿರುಗಿದಾಗ ದೋಣಿ ಲಂಗರಿನ ಸುತ್ತ, ಹಗ್ಗದ ಉದ್ದಕ್ಕೆ ತನ್ನ ಉದ್ದವೂ ಸೇರಿದಷ್ಟು ದೂರ ಸುತ್ತುತ್ತದೆ, ಆ ಸುತ್ತಳತೆಯೊಳಗೆ ಹಡಗು ಓಡುವ ದಾರಿಯಾಗಲಿ ಇನ್ನೊಬ್ಬರ ದೋಣಿಯಾಗಲಿ ಬರಬಾರದು. ಮಾಂಡೋವಿ, ಜುವಾರಿಗಳನ್ನು ಕೂಡಿಸುವ ಕುಂಭಾರ್ಜುವಾ ಕಾಲುವೆಯಂಥ ಇಕ್ಕಟ್ಟಿನಲ್ಲಿ ಮುಂದೊಂದು, ಹಿಂದೊಂದು ಲಂಗರು ಹಾಕಿ ಸುತ್ತಾಟ ತಪ್ಪಿಸಿ. ರಾತ್ರಿ ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪ ಉರಿಯುತ್ತಿರಲಿ.

ಜೂನ್‌ಗೆ ಮುಂಚೆ, ಓಡದ ದೋಣಿಯನ್ನು ದಡಕ್ಕೆಳೆಯಿರಿ. ನೀರಲ್ಲೇ ಬಿಡುವುದಾದರೆ ದಿನವೂ ಒಬ್ಬರು ಹೋಗಿ ಒಳಗಿನ ನೀರು ಹೊರಹಾಕುವ ಪಂಪು, ಬ್ಯಾಟರಿ ನೋಡಬೇಕು. ಬ್ಯಾಟರಿ ಸತ್ತು ಪಂಪು ನಿಂತರೆ ಬರೀ ಮಳೆನೀರಿಗೇ ದೋಣಿ ಮುಳುಗುತ್ತದೆ, ಮೇಲೆತ್ತಿಸುವ ಹೊಣೆ ಮಾಲೀಕರ ಮೇಲೇ ಬೀಳುತ್ತದೆ.