ಗೂಗಲ್‌ನಲ್ಲಿ ನಿಮ್ಮ ವೆಬ್‌ಸೈಟ್ ಸಿಗಬೇಕಾದರೆ

ಕಾಪುವಿನಲ್ಲಿ ನನ್ನ ಚಿಕ್ಕಮ್ಮ ನಡೆಸುವ ಹೋಂಸ್ಟೇಗೆ ವೆಬ್‌ಸೈಟ್ ಮಾಡಿಸಿ ವರ್ಷ ಕಳೆದಿತ್ತು. ಹೆಸರನ್ನೇ ಬರೆದು ಹುಡುಕಿದರೂ ಅದು ಗೂಗಲ್‌ನಲ್ಲಿ ಸಿಗುತ್ತಿರಲಿಲ್ಲ. ‘ಒಂದೇ ತಿಂಗಳಲ್ಲಿ ಮೊದಲ ಸ್ಥಾನ ಗ್ಯಾರಂಟಿ’ ಎಂದು ಕರೆ ಮಾಡಿದವರನ್ನು ನಂಬಿ ಅವರು ಮುಂಗಡವನ್ನೂ ಕೊಟ್ಟಿದ್ದರು. ಕೊನೆಗೆ ಕುಳಿತು ನೋಡಿದಾಗ, ಸೈಟ್ ಕಟ್ಟುವಾಗ ಸರ್ಚ್ ಎಂಜಿನ್‌ಗಳನ್ನು ದೂರವಿಡಲೆಂದು ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಹಾಕಿದ್ದ ಒಂದು ಟಿಕ್ ಗುರುತನ್ನು ಯಾರೂ ತೆಗೆದೇ ಇರಲಿಲ್ಲ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಸುಧಾರಣೆಯ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದೂ ಹೇಳಿದೆ.

ಆದ್ದರಿಂದ ಮೊದಲ ಕೆಲಸ, ನಿಮ್ಮ ಪುಟಗಳು ಗೂಗಲ್‌ನ ದಾಖಲೆಯಲ್ಲಿ ಇವೆಯೇ ಎಂದು ನೋಡುವುದು. ಹುಡುಕಾಟದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್ ವಿಳಾಸ ಕೊಟ್ಟರೆ ಸುಮಾರಾಗಿ ತಿಳಿಯುತ್ತದೆ. ಖಚಿತ ಚಿತ್ರ ಬೇಕಾದರೆ ಸೈಟ್ ಮಾಲೀಕರಿಗಾಗಿ ಗೂಗಲ್ ಕೊಡುವ ‘ಸರ್ಚ್ ಕನ್ಸೋಲ್’ ಎಂಬ ಸಾಧನದಲ್ಲಿ ಸೈಟನ್ನು ನೋಂದಾಯಿಸಿ, ಸೈಟ್‌ಮ್ಯಾಪ್ (ನಿಮ್ಮ ಪುಟಗಳ ವಿಳಾಸಗಳ ಪಟ್ಟಿ ಇರುವ ಫೈಲ್) ಸಲ್ಲಿಸಿ. ಇದಕ್ಕೆ ಶುಲ್ಕವಿಲ್ಲ.

ಎರಡನೆಯ ಹಂತವೇ ಕನ್ನಡ ಸೈಟ್‌ಗಳು ಹೆಚ್ಚಾಗಿ ಎಡವುವ ಜಾಗ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಏಕರೂಪದ ಸಂಕೇತ ವ್ಯವಸ್ಥೆ) ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ ಪಠ್ಯ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು, ಯಂತ್ರ ಓದುವುದೂ ಅದನ್ನೇ. ನಿಮ್ಮ ಪುಟದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಪೇಸ್ಟ್ ಮಾಡಿ: ಕನ್ನಡವಾಗಿಯೇ ಉಳಿದರೆ ಸರಿ, ಅರ್ಥವಿಲ್ಲದ ಅಕ್ಷರಗಳು ಬಂದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ದರಪಟ್ಟಿ, ಊಟದ ಮೆನು, ದಾರಿಯ ವಿವರಗಳನ್ನು ಪೋಸ್ಟರ್ ಚಿತ್ರವಾಗಿ ಹಾಕುವ ಅಭ್ಯಾಸವನ್ನೂ ಬಿಟ್ಟು, ಅಕ್ಷರಗಳಲ್ಲಿ ಬರೆಯಿರಿ.

ಬರೆಯುವುದೇನು? ಜನ ಫೋನ್‌ನಲ್ಲಿ ನಿಮ್ಮನ್ನು ಕೇಳುವುದನ್ನೇ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇರುವುದಿಲ್ಲ ಎಂಬುದು ನಮಗೆ ಗೊತ್ತು, ಜೂನ್‌ನಲ್ಲಿ ಹೊರಟುಬರುವವರಿಗೆ ಗೊತ್ತಿರುವುದಿಲ್ಲ. ಆ ಮಾಹಿತಿಯ ಒಂದು ಪುಟ ‘ಅತ್ಯುತ್ತಮ ಹೋಂಸ್ಟೇ’ ಎಂದು ಇಪ್ಪತ್ತು ಸಲ ಬರೆದುದಕ್ಕಿಂತ ಉಪಯುಕ್ತ. ಹೀಗೆ ಕೀವರ್ಡ್‌ಗಳನ್ನು, ಅಂದರೆ ಜನ ಹುಡುಕುವ ಪದಗಳನ್ನು, ತುರುಕುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಪುಟದ ಹಿಂದೆ ಅಡಗಿಸಿಡುವ ‘ಮೆಟಾ ಕೀವರ್ಡ್’ಗಳನ್ನು ಫಲಿತಾಂಶಗಳ ಸ್ಥಾನ ನಿರ್ಧರಿಸಲು ಬಳಸುವುದಿಲ್ಲ ಎಂದು ಅದು 2009ರಲ್ಲೇ ಪ್ರಕಟಿಸಿತ್ತು. ಆದರೆ ಹೆಸರುಗಳ ಬಗ್ಗೆ ಎಚ್ಚರವಿರಲಿ: ನಗರದ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಮಂಗಳೂರು ಆದರೂ ಹೊರಗಿನವರಲ್ಲಿ ಅನೇಕರು ಇಂದಿಗೂ ಮ್ಯಾಂಗಲೋರ್ ಎಂದೇ ಹುಡುಕುತ್ತಾರೆ. ಎರಡೂ ರೂಪಗಳು ಬರಹದಲ್ಲಿ ಸಹಜವಾಗಿ ಬರಲಿ, ಪ್ರತಿ ಪುಟಕ್ಕೂ ಅದರದೇ ಶೀರ್ಷಿಕೆ ಇರಲಿ.

ಬಳಿಕ ಸೈಟನ್ನು ಮೊಬೈಲ್‌ನಲ್ಲಿ ತೆರೆದು ನೋಡಿ, ಏಕೆಂದರೆ ಗೂಗಲ್ ಈಗ ಓದಿಕೊಳ್ಳುವುದು ಮೊಬೈಲ್ ರೂಪವನ್ನೇ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕು; ಕ್ಯಾಮೆರಾದಿಂದ ನೇರವಾಗಿ ಹಾಕಿದ ಭಾರೀ ಫೋಟೊಗಳನ್ನು ಕುಗ್ಗಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಅಂಗಡಿ, ಹೋಟೆಲ್ ಇರುವವರು ಗೂಗಲ್ ಹುಡುಕಾಟ ಮತ್ತು ಮ್ಯಾಪ್‌ನಲ್ಲಿ ಕಾಣುವ ‘ಗೂಗಲ್ ಬಿಸಿನೆಸ್ ಪ್ರೊಫೈಲ್‌’ನಲ್ಲಿ ವಿಳಾಸ ಮತ್ತು ಸಮಯವನ್ನು ಸರಿಯಾಗಿ ತುಂಬಬೇಕು.

ಜಾಹೀರಾತು ಕೊಟ್ಟರೆ ಸಹಜ ಫಲಿತಾಂಶದಲ್ಲೂ ಮೇಲೇರಬಹುದೆಂಬುದು ತಪ್ಪು ತಿಳಿವಳಿಕೆ, ಅವೆರಡಕ್ಕೂ ಸಂಬಂಧವಿಲ್ಲ. ದುಡ್ಡು ಕೊಟ್ಟು ಬೇರೆ ಸೈಟ್‌ಗಳಿಂದ ಲಿಂಕ್ ಹಾಕಿಸುವುದಂತೂ ಅಪಾಯ. ಗೂಗಲ್ ತನ್ನ ಹುಡುಕಾಟ ವ್ಯವಸ್ಥೆಯಲ್ಲಿ 2012ರಲ್ಲಿ ತಂದ ‘ಪೆಂಗ್ವಿನ್’ ಎಂಬ ಬದಲಾವಣೆಯಲ್ಲಿ ಅಂಥ ಅನೇಕ ಸೈಟ್‌ಗಳು ಕೆಳಗಿಳಿದವು.

ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್‌ನಲ್ಲಿ, ಜನ ಯಾವ ಪದಗಳಿಂದ ನಿಮ್ಮ ಪುಟ ತಲುಪಿದರೆಂಬ ಪಟ್ಟಿ ನೋಡಿ. ಚಿಕ್ಕಮ್ಮನ ಪಟ್ಟಿಯಲ್ಲಿ ಹೋಂಸ್ಟೇಯ ಹೆಸರಿಗಿಂತ ಮೇಲಿದ್ದುದು ಕಾಪು ದೀಪಸ್ತಂಭಕ್ಕೆ ಸಂಬಂಧಿಸಿದ ಹುಡುಕಾಟ. ದೀಪಸ್ತಂಭಕ್ಕೆ ಮನೆಯಿಂದ ನಡೆದುಹೋಗುವ ದಾರಿಯನ್ನು ಅವರು ಈಗ ತಾವೇ ಬರೆಯುತ್ತಿದ್ದಾರೆ.