ಆರ್ಕ್ಟಿಕ್ ಅಂಚಿನ ಎರಡು ವಿಮಾನ ನಿಲ್ದಾಣಗಳು: ದೂರ ಮತ್ತು ಹಾರಾಟದ ಸಮಯವನ್ನು ಲೆಕ್ಕ ಹಾಕುವ ಬಗೆ

ಅಲಾಸ್ಕದ ಉತ್ತರ ತುದಿಯ ಉಟ್ಕಿಯಾಗ್ವಿಕ್ (2016ರವರೆಗೆ ಬ್ಯಾರೋ ಎಂದೇ ಅಧಿಕೃತ ಹೆಸರು) ಮತ್ತು ಪ್ರೂಡೊ ಕೊಲ್ಲಿಯ ತೈಲ ಕಾರ್ಮಿಕರು ಬಂದಿಳಿಯುವ ಡೆಡ್‌ಹಾರ್ಸ್ ನಡುವೆ ವರ್ಷವಿಡೀ ಓಡಾಡಬಹುದಾದ ರಸ್ತೆಯಿಲ್ಲ. ರಸ್ತೆ ದೂರವನ್ನು ನೋಡಿ ಅಂದಾಜು ಮಾಡುವ ನಮ್ಮ ರೂಢಿ ಇಲ್ಲಿ ನಡೆಯದು. ಅಕ್ಷಾಂಶ, ರೇಖಾಂಶ ಮತ್ತು ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಎರಡೂ ನಿಲ್ದಾಣಗಳ ಸ್ಥಾನವನ್ನು ಬರೆದುಕೊಂಡು, ನಿಮಿಷಗಳನ್ನು (ಇಲ್ಲಿ ನಿಮಿಷವೆಂದರೆ ಡಿಗ್ರಿಯ 60ನೇ ಒಂದು ಭಾಗ) 60ರಿಂದ ಭಾಗಿಸಿ ದಶಮಾಂಶಕ್ಕೆ ತರಬೇಕು. ಉಟ್ಕಿಯಾಗ್ವಿಕ್ 71.28 ಡಿಗ್ರಿ ಉತ್ತರ, 156.77 ಡಿಗ್ರಿ ಪಶ್ಚಿಮದಲ್ಲಿದೆ; ಡೆಡ್‌ಹಾರ್ಸ್ 70.20 ಉತ್ತರ, 148.47 ಪಶ್ಚಿಮದಲ್ಲಿದೆ. ಅಕ್ಷಾಂಶದ ವ್ಯತ್ಯಾಸ 1.08, ರೇಖಾಂಶದ್ದು 8.30. ಒಂದು ಊರು ಪೂರ್ವದಲ್ಲೂ ಇನ್ನೊಂದು ಪಶ್ಚಿಮದಲ್ಲೂ ಇದ್ದರೆ ರೇಖಾಂಶಗಳನ್ನು ಕಳೆಯಬಾರದು, ಕೂಡಬೇಕು.

ಅಕ್ಷಾಂಶದ ಒಂದು ಡಿಗ್ರಿ ಎಲ್ಲಿದ್ದರೂ ಹೆಚ್ಚುಕಡಿಮೆ 111.2 ಕಿ.ಮೀ. ಆದ್ದರಿಂದ ಉತ್ತರ-ದಕ್ಷಿಣದ ಅಂತರ 120 ಕಿ.ಮೀ. ಹೆಚ್ಚಿನವರು ಎಡವುವುದು ರೇಖಾಂಶದಲ್ಲಿ. ರೇಖಾಂಶಗಳೆಲ್ಲ ಧ್ರುವದಲ್ಲಿ ಕೂಡುವುದರಿಂದ ಉತ್ತರಕ್ಕೆ ಹೋದಂತೆ ಅವುಗಳ ನಡುವಿನ ಜಾಗ ಕುಗ್ಗುತ್ತದೆ. ಎಷ್ಟು ಕುಗ್ಗಿದೆ ಎಂಬುದನ್ನು ಸರಾಸರಿ ಅಕ್ಷಾಂಶದ ಕೊಸೈನ್ ತಿಳಿಸುತ್ತದೆ. 70.74 ಡಿಗ್ರಿಯ ಕೊಸೈನ್ ಸುಮಾರು 0.33 ಆದ್ದರಿಂದ ಅಲ್ಲಿನ ಒಂದು ಡಿಗ್ರಿ ರೇಖಾಂಶ 36.7 ಕಿ.ಮೀ. ಮಾತ್ರ, 8.30ರಿಂದ ಗುಣಿಸಿದರೆ 305 ಕಿ.ಮೀ. ಬೆಂಗಳೂರು ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವೆ ರೇಖಾಂಶದ ವ್ಯತ್ಯಾಸ 2.8 ಡಿಗ್ರಿಯಷ್ಟೇ ಇದ್ದರೂ ದೂರ 306 ಕಿ.ಮೀ. ಆಗುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇನ್ನು ಪೈಥಾಗೊರಸ್ ಪ್ರಮೇಯ: 305 ಮತ್ತು 120ರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 328 ಕಿ.ಮೀ. ಅದನ್ನು 1.852ರಿಂದ ಭಾಗಿಸಿದರೆ ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ 177 ಬರುತ್ತದೆ. ಈ ಸುಲಭದ ದಾರಿ ಕೆಲವು ನೂರು ಕಿಲೊಮೀಟರುಗಳಿಗೆ ಮಾತ್ರ ಸಲ್ಲುತ್ತದೆ. ಉಟ್ಕಿಯಾಗ್ವಿಕ್‌ನಿಂದ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬೈನ್‌ಗೆ ಇದೇ ಲೆಕ್ಕ ಹಾಕಿದರೆ 5,000 ಕಿ.ಮೀ. ಮೀರುತ್ತದೆ; ಧ್ರುವದ ಸಮೀಪದಿಂದ ಹಾಯುವ ನಿಜವಾದ ಹತ್ತಿರದ ದಾರಿ ಸುಮಾರು 3,400 ಕಿ.ಮೀ. ಅಂಥಲ್ಲಿ ಗೋಳದ ಮೇಲಿನ ದೂರದ ಹ್ಯಾವರ್ಸೈನ್ ಸೂತ್ರವೇ ಬೇಕು.

ಸಮಯಕ್ಕೆ ವಿಮಾನದ ವೇಗ ಗೊತ್ತಿರಬೇಕು. ಗಂಟೆಗೆ 300 ಕಿ.ಮೀ. ವೇಗದ ಸಣ್ಣ ವಿಮಾನಕ್ಕೆ ಗಾಳಿಯಿಲ್ಲದಾಗ 66 ನಿಮಿಷ ಸಾಕು. 50 ಕಿ.ಮೀ. ಎದುರುಗಾಳಿ ಇದ್ದರೆ 79 ನಿಮಿಷ, ಅಷ್ಟೇ ಬೆನ್ನುಗಾಳಿ ಇದ್ದರೆ 56. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಮರಳಿ ಸಿಗುವುದಿಲ್ಲ. ಜೆಟ್ ವಿಮಾನವಾದರೆ 800 ಕಿ.ಮೀ. ವೇಗದ ಲೆಕ್ಕದಲ್ಲಿ 25 ನಿಮಿಷ ಬಂದರೂ ಅದನ್ನು ನಂಬಬಾರದು. ಇಷ್ಟು ಚಿಕ್ಕ ಹಾರಾಟದ ಬಹುಪಾಲು ಏರುವುದರಲ್ಲಿ ಮತ್ತು ಇಳಿಯುವುದರಲ್ಲೇ ಕಳೆಯುವುದರಿಂದ ಇನ್ನೂ 15 ನಿಮಿಷ ಸೇರಿಸುವುದು ಲೇಸು.

ಟಿಕೆಟ್‌ನಲ್ಲಿ ಕಾಣುವ ಅವಧಿ ಇದಕ್ಕಿಂತಲೂ ಹೆಚ್ಚು. ರನ್‌ವೇವರೆಗೆ ಸಾಗುವ ಹೊತ್ತೂ ಅದರಲ್ಲಿ ಸೇರಿರುತ್ತದೆ. ಚಳಿಗಾಲದಲ್ಲಿ ರೆಕ್ಕೆಯ ಮೇಲಿನ ಹಿಮ ಕರಗಿಸುವ ಕೆಲಸ ಬೇರೆ. ಬೇಸಿಗೆಯಲ್ಲಿ ತಣ್ಣನೆಯ ಸಮುದ್ರದ ಮೇಲೆ ತೇವಭರಿತ ಗಾಳಿ ಹಾಯ್ದು ಕರಾವಳಿಗೆ ಮಂಜು ಕವಿಯುವುದರಿಂದ, ಮುಂದಿನ ವಿಮಾನವನ್ನು ಅದೇ ದಿನ ಒತ್ತೊತ್ತಾಗಿ ಕಾಯ್ದಿರಿಸಬೇಡಿ.