ಮೊದಲು ಹೊಳೆದದ್ದು ಯಾರಿಗೆ? ಲ್ಯಾಬ್ ನೋಟ್‌ಬುಕ್ ಓದುವ ಬಗೆ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಪೇಟೆಂಟ್ ವಕೀಲರಿಗೆ ಲ್ಯಾಬ್ ನೋಟ್‌ಬುಕ್ ಓದಿಕೊಡುವುದು ನನ್ನ ಕಸುಬು. ಒಂದೇ ಆವಿಷ್ಕಾರಕ್ಕೆ ಇಬ್ಬರು ಜಗಳಕ್ಕೆ ಬಿದ್ದಾಗ, ಅದು ಮೊದಲು ಯಾರಿಗೆ ಹೊಳೆಯಿತೆಂದು ಹುಡುಕುವ ಕೆಲಸ. ಹೊಸಬರು ಬಂದರೆ ಮೊದಲ ದಿನ ನೋಟ್‌ಬುಕ್ ಮುಟ್ಟಲು ಬಿಡುವುದಿಲ್ಲ. ಮೊದಲು ಕ್ಲೇಮ್, ಅಂದರೆ ಪೇಟೆಂಟಿನಲ್ಲಿ ತಮ್ಮದೆಂದು ಹಕ್ಕು ಕೇಳುವ ಸಾಲುಗಳನ್ನು, ಓದಿ, ಅದರ ಒಂದೊಂದು ಅಂಶವನ್ನೂ ಬಿಡಿಸಿ ಬರೆದುಕೊಳ್ಳಿ. ಆಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಮೂಲಕ ಜೀನ್ ಸೇರಿಸಿ ಬೆಳೆಸಿದ ಇಡೀ ಗಿಡ ಎಂದು ಕ್ಲೇಮ್ ಇದ್ದರೆ, ಬರೀ ಕೋಶದವರೆಗಿನ ಯೋಚನೆ ಸಾಲದು. ಒಮ್ಮೆ ನಾನೇ ಅಂದವಾದ ಪ್ಲಾಸ್ಮಿಡ್ (ಜೀನ್ ಹೊತ್ತೊಯ್ಯುವ ಡಿಎನ್ಎ ಉಂಗುರ) ಚಿತ್ರವೊಂದಕ್ಕೆ ಮರುಳಾಗಿ ವಾರ ಕಳೆದೆ. ಗಿಡದ ಸುದ್ದಿಯೇ ಅದರಲ್ಲಿರಲಿಲ್ಲ!

ಅರ್ಜಿಯ ತಾರೀಖು ನೋಡಿ. 2013ರ ಮಾರ್ಚ್ 16ಕ್ಕಿಂತ ಹಿಂದಿನ ಅಮೆರಿಕದ ಅರ್ಜಿಗಳಿಗಷ್ಟೇ ಈ ಹುಡುಕಾಟ. ಆಮೇಲಿನವುಗಳಲ್ಲಿ ಮೊದಲು ಅರ್ಜಿ ಹಾಕಿದವರದೇ ಮೇಲುಗೈ, ನಮ್ಮಲ್ಲೂ ಹಾಗೆಯೇ.

ಈಗ ಕಷ್ಟದ ಭಾಗ. ಪುಟದಲ್ಲಿರುವುದು ಪೂರ್ತಿ ಕಲ್ಪನೆಯೋ, ಬರೀ ಆಸೆಯೋ? ಆ ವಿಷಯ ಬಲ್ಲವರು ಹೊಸ ಸಂಶೋಧನೆ ಮಾಡದೆ, ಮಾಮೂಲಿ ಕೈಚಳಕದಿಂದಲೇ ಅದನ್ನು ಮಾಡಬಲ್ಲರಾದರೆ ಪೂರ್ತಿ. ಅದು ಕೆಲಸ ಮಾಡುತ್ತದೆಂದು ಆಗಲೇ ಗೊತ್ತಿರಬೇಕಿಲ್ಲ. ಎಲ್ಲರೂ ಜಾರುವುದು ಇಲ್ಲೇ, ಇಂಥ ಜಗಳ ತೀರ್ಮಾನಿಸುವ ಅಮೆರಿಕದ ಪೇಟೆಂಟ್ ಮಂಡಳಿ ಕೂಡ. ಯೂಕ್ಯಾರಿಯೋಟಿಕ್ ಕೋಶಗಳಲ್ಲಿ (ನ್ಯೂಕ್ಲಿಯಸ್ ಇರುವ ಕೋಶಗಳು, ಗಿಡದವೂ ಸೇರಿ) ಜೀನ್ ತಿದ್ದುವ ಕ್ರಿಸ್ಪರ್ ತಂತ್ರದ ಜಗಳದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಡೆಯವರು 2012ರ ಮಾರ್ಚ್ 1ರ ನೋಟ್‌ಬುಕ್ ಪುಟ ತೋರಿಸಿದ್ದರು. ಅದೇ ಕಡೆಯ ವಿಜ್ಞಾನಿಗಳ ಅನುಮಾನ, ಸೋತ ಪ್ರಯೋಗಗಳನ್ನು ಮುಂದಿಟ್ಟು ಮಂಡಳಿ 2022ರಲ್ಲಿ ಎದುರಾಳಿ ಬ್ರಾಡ್ ಸಂಶೋಧನಾ ಸಂಸ್ಥೆಯ ಪರ ತೀರ್ಪಿತ್ತಿತು. ಯಶಸ್ಸು ಮೊದಲೇ ಗೊತ್ತಿರಬೇಕೆಂದದ್ದು ತಪ್ಪು ಎಂದು 2025ರ ಮೇನಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ಕೋರ್ಟ್ ಆ ತೀರ್ಪನ್ನು ಮರುಪರಿಶೀಲನೆಗೆ ವಾಪಸ್ ಕಳಿಸಿತು. ಹಾಗಾಗಿ ಸೋತ ಪ್ರಯೋಗ ಕಂಡೊಡನೆ ಕೆಂಪು ಗೆರೆ ಎಳೆಯಬೇಡಿ. ಸೋತ ಮೇಲೆ ಕಲ್ಪನೆಯೇ ಬದಲಾಯಿತೋ, ಬರೀ ಡೋಸು ಬದಲಾಯಿತೋ ನೋಡಿ.

"ನನಗೆ ಆಗಲೇ ಹೊಳೆದಿತ್ತು" ಎಂದು ಆವಿಷ್ಕಾರಕರೇ ಹೇಳಿದರೆ ನಡೆಯದು. ಆವಿಷ್ಕಾರದಲ್ಲಿ ಪಾಲಿಲ್ಲದವರ ಸಹಿ, ಇಮೇಲ್, ಪ್ರೈಮರ್ (ಪ್ರಯೋಗಕ್ಕೆ ಬೇಕಾದ ಡಿಎನ್ಎ ತುಣುಕು) ತರಿಸಿದ ಬಿಲ್ಲು, ಇಂಥ ಪುರಾವೆ ಬೇಕು.

ಮೊದಲು ಹೊಳೆದರೂ ಮಾಡಿ ತೋರಿಸುವುದು ತಡವಾದರೆ, ಎದುರಾಳಿಗೆ ಹೊಳೆಯುವ ಮುಂಚಿನಿಂದ ತಮ್ಮ ಕೆಲಸ ಮುಗಿಯುವವರೆಗೆ ಬಿಡದೆ ದುಡಿದದ್ದಕ್ಕೆ ದಾಖಲೆ ಕೇಳುತ್ತಾರೆ. 1983ರ ಜನವರಿಯಲ್ಲಿ ಮಯಾಮಿಯ ಒಂದೇ ಸಮ್ಮೇಳನದಲ್ಲಿ ಅಮೆರಿಕದ ವಿಜ್ಞಾನಿ ಮೇರಿ-ಡೆಲ್ ಚಿಲ್ಟನ್, ಯುರೋಪಿನ ಶೆಲ್ ಮತ್ತು ವಾನ್ ಮೊಂಟಾಗು, ಮಾನ್ಸಾಂಟೊ ಕಂಪನಿ, ಮೂರೂ ಗುಂಪುಗಳು ಗಿಡಕ್ಕೆ ಜೀನ್ ಸೇರಿಸಿದ ಸುದ್ದಿ ಹೇಳಿದವು. ಆಗ್ರೋಬ್ಯಾಕ್ಟೀರಿಯಂ ಪೇಟೆಂಟ್ ಜಗಳದಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆ, ಬೇಯರ್ ಕಂಪನಿ ಜೊತೆ ಮಾನ್ಸಾಂಟೊ ರಾಜಿಯಾದದ್ದು 2005ರಲ್ಲಿ. ಪೈಪೋಟಿ ಇಷ್ಟು ಹತ್ತಿರವಿದ್ದಾಗ ನಾನು ಕೇಳಿ ತರಿಸುವುದು ಗ್ರೀನ್‌ಹೌಸಿನ ರಿಜಿಸ್ಟರ್. ಕುಂಡಕ್ಕೆ ನೀರು ಹಾಕಿದವರು ಆವಿಷ್ಕಾರಕರಲ್ಲ, ಆದರೆ ತಾರೀಖು ಬರೆದಿರುತ್ತಾರೆ.